ಕಾರಿಡಾರಿನ ಐರ್ಲೆಂಡ್

"ನಿಮ್ಮದೇ ಕೊಂಕಣ ರೈಲ್ವೆ ಇರುವಾಗ ಐರ್ಲೆಂಡ್ ಯಾಕೆ?" ಎಂದು ವಿಟ್‌ಕಂಬ್ ಕೇಳಿದಾಗ ಜಯಪಾಲ ಅಕ್ಕಿಕಾಳಿನಷ್ಟು ಚಿಕ್ಕ ಗೇಟಿನ ಕೀಲೊಂದನ್ನು ಚಿಮಟದ ತುದಿಯಲ್ಲಿ ಹಿಡಿದುಕೊಂಡಿದ್ದ. ಅಂಟು ಕಚ್ಚಿಕೊಳ್ಳುವ ತನಕ ಅದನ್ನು ಅಲುಗಿಸುವಂತಿರಲಿಲ್ಲ.

ವಿಟ್‌ಕಂಬ್ ದುಬೈಯ ಮಾದರಿ ರೈಲು ಕ್ಲಬ್ಬಿನ ಅಧ್ಯಕ್ಷರು. ಮುಂದಿನ ತಿಂಗಳು ಶಾಲೆಯೊಂದರಲ್ಲಿ ನಡೆಯಲಿದ್ದ ಪ್ರದರ್ಶನಕ್ಕೆ ಯಾರ ರೈಲು ಎಲ್ಲಿ ಇರಬೇಕೆಂದು ತೀರ್ಮಾನಿಸುವವರು ಅವರೇ. ಅದಕ್ಕಾಗಿಯೇ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಈ ಏಳನೇ ಮಹಡಿಯ ಫ್ಲ್ಯಾಟಿನ ತನಕ ಬಂದಿದ್ದರು. ಸಭ್ಯ ಇಂಗ್ಲಿಷ್ ಮನುಷ್ಯ. ಒಂದು ಮಾತೂ ಒರಟಾಗಿ ಆಡುವವರಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಅವರ ಮುಂದೆ ಊಟದ ಮೇಜಿನ ಮೇಲೆ ತಲಾ ನಾಲ್ಕು ಅಡಿಯ ಎರಡು ಹಲಗೆಗಳಲ್ಲಿ ಐರ್ಲೆಂಡಿನ ಪಶ್ಚಿಮದ ಒಂದು ಪುಟ್ಟ ಸ್ಟೇಷನ್ ಹರಡಿಕೊಂಡಿತ್ತು. ಒಂದೇ ಪ್ಲ್ಯಾಟ್‌ಫಾರ್ಮು, ತಗಡಿನ ಶೆಡ್ಡು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ, ಅದರಾಚೆ ಕಂದುಬಣ್ಣದ ಜೌಗುನೆಲ. ಹಳಿಯ ಮೇಲೆ ಒಂದು ಎಂಜಿನ್ನು, ಆರು ಗೂಡ್ಸ್ ಡಬ್ಬಿಗಳು, ಒಂದು ಗಾರ್ಡಿನ ವ್ಯಾನು. ಶೆಡ್ಡಿನ ಪಕ್ಕದಲ್ಲಿ ಒಂದು ಬೂದುಬಣ್ಣದ ಟ್ರ್ಯಾಕ್ಟರು. ಈ ಊರಿಗೆ ಜಾಗ ಕೊಟ್ಟು ಜಯಪಾಲ ಮತ್ತು ಅವನ ಹೆಂಡತಿ ವಸಂತಿ ಮೂರು ವರ್ಷದಿಂದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಊಟ ಮಾಡುತ್ತಿದ್ದರು.

"ಮುಖ್ಯ ಹಾಲಿನಲ್ಲಿ 'ಜಗತ್ತಿನ ರೈಲುಗಳು' ಇರುತ್ತವೆ," ಎಂದರು ವಿಟ್‌ಕಂಬ್. "ಈ ಸಲ ಕಾರಿಡಾರಿನಲ್ಲಿ 'ನಮ್ಮ ಸಮುದಾಯಗಳು' ಅಂತ ಒಂದು ವಿಭಾಗ ಮಾಡುತ್ತಿದ್ದೇವೆ. ಫಿಲಿಪೀನ್ಸಿನವರು, ಶ್ರೀಲಂಕಾದವರು ಬರುತ್ತಾರೆ. ನಿಮ್ಮ ಹೆಸರು ಅಲ್ಲಿದೆ. ನಿಮ್ಮ ಕೈಗೆ ಕೊಂಕಣ ಸಿಕ್ಕರೆ ಹೇಗಿರಬಹುದು ಯೋಚಿಸಿ! ಸೇತುವೆ, ಕೆಂಪು ಮಣ್ಣು, ತೆಂಗಿನಮರ."

ಕೀಲು ಕಚ್ಚಿಕೊಂಡಿತು. ಜಯಪಾಲ ಚಿಮಟ ಕೆಳಗಿಟ್ಟ.

"ಸರ್, ಹೋದ ವರ್ಷ ನೀವು ಡಾರ್ಜಿಲಿಂಗ್ ಮಾಡಿದ್ದಿರಿ. ಅದು ಮುಖ್ಯ ಹಾಲಿನಲ್ಲಿತ್ತು."

"ಹೌದು, ಇತ್ತು."

"ನಿಮ್ಮ ಊರು ಡಾರ್ಜಿಲಿಂಗ್ ಅಲ್ಲ. ಯಾಕೆ ಮಾಡಿದಿರಿ ಅಂತ ನಾನು ಕೇಳಲಿಲ್ಲ."

ವಿಟ್‌ಕಂಬ್ ಮನಸಾರೆ ನಕ್ಕರು. "ಸರಿಯಾದ ಏಟು. ಆದರೆ ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ನೀವು ಐರ್ಲೆಂಡಿಗೆ ಹೋಗಿದ್ದೀರಾ?"

ಹೋಗಿರಲಿಲ್ಲ. ಆದರೆ ಜಯಪಾಲ ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಕಟ್ಟಡಗಳ ಮಾದರಿ ಮಾಡುತ್ತಿದ್ದ. ಪಾಯ ತೋಡುವ ಮೊದಲೇ ನಲವತ್ತು ಮಹಡಿ ಎಬ್ಬಿಸಿದ್ದ. ಸಮುದ್ರ ಇನ್ನೂ ಸಮುದ್ರವಾಗಿಯೇ ಇದ್ದಾಗ ಅಲ್ಲಿ ದ್ವೀಪ ಕೂರಿಸಿ, ಅದರ ಮೇಲೆ ಖರ್ಜೂರದ ಮರ ನೆಟ್ಟು, ನೆರಳಲ್ಲಿ ಬೆಂಚು ಹಾಕಿದ್ದ. ನೀನು ಅಲ್ಲಿಗೆ ಹೋಗಿದ್ದೀಯಾ ಎಂದು ಒಬ್ಬನೂ ಕೇಳಿರಲಿಲ್ಲ. ಅಳತೆ ಸರಿಯಿದೆಯೇ ಎಂದಷ್ಟೇ ಕೇಳಿದ್ದರು.

ಅದನ್ನೇ ಹೇಳಿದ. ವಿಟ್‌ಕಂಬ್ ತಲೆಯಾಡಿಸಿದರು, ಆದರೆ ಅವರ ಪಟ್ಟಿಯಲ್ಲಿ ಏನೂ ಬದಲಾಗಲಿಲ್ಲ. ಆಗ ಜಯಪಾಲನ ಬಾಯಿಂದ ಅವನೇ ಎಣಿಸದ ಮಾತೊಂದು ಹೊರಬಿತ್ತು.

"ಐರ್ಲೆಂಡಿನವರನ್ನೇ ಕರೆಸಿ ಸರ್. ಪ್ರದರ್ಶನದ ದಿನ ಬೆಳಿಗ್ಗೆ ನೋಡಲಿ. ಒಂದೇ ಒಂದು ತಪ್ಪು ತೋರಿಸಿದರೂ ನಾನೇ ಎತ್ತಿಕೊಂಡು ಕಾರಿಡಾರಿಗೆ ಹೋಗುತ್ತೇನೆ. ಇಲ್ಲದಿದ್ದರೆ ಮುಖ್ಯ ಹಾಲು."

ವಿಟ್‌ಕಂಬ್ ಕೈಚಾಚಿದರು. ಕೈಕುಲುಕಿದ್ದಾಯಿತು. ಬಾಗಿಲು ಮುಚ್ಚಿದ ಮೇಲೆ ವಸಂತಿ ಅಡುಗೆಮನೆಯಿಂದ ಬಂದು ಗಂಡನನ್ನು ನೋಡಿದಳು.

"ಒಂದೇ ಒಂದು ತಪ್ಪಾ? ಹತ್ತು ಅಂತಾದ್ರೂ ಹೇಳ್ಬಾರ್ದಾ ಮಾರಾಯ್ರೆ?"

ಐರ್ಲೆಂಡ್ ಯಾಕೆ ಎಂಬುದಕ್ಕೆ ಜಯಪಾಲನಲ್ಲಿ ದೊಡ್ಡ ಉತ್ತರವಿರಲಿಲ್ಲ. ವರ್ಕ್‌ಶಾಪಿನ ಡ್ರಾಯರಿನಲ್ಲಿ ಒಮ್ಮೆ ಒಂದು ನಕ್ಷೆಯ ಸುರುಳಿ ಸಿಕ್ಕಿತ್ತು. ಹಿಂದೆ ಅಲ್ಲಿ ಕೆಲಸ ಮಾಡಿ ಹೋಗಿದ್ದ ಐರಿಷ್ ಸರ್ವೇಯರ್ ಒಬ್ಬ ಬಿಟ್ಟುಹೋದದ್ದು. ಒಂದು ಗೂಡ್ಸ್ ಡಬ್ಬಿಯ ನಕ್ಷೆ ಅದು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ಎಡಗಡೆ ಕೆಳಗಿನಿಂದ ಮೂರನೆಯ ಹಲಗೆ ಆಮೇಲೆ ಹಾಕಿದ್ದು, ಅರ್ಧ ಇಂಚು ಅಗಲ ಕಡಿಮೆ, ಬಣ್ಣ ಬಳಿದಿಲ್ಲ. ಜಯಪಾಲ ಅದನ್ನು ನಿಂತಲ್ಲೇ ನಾಲ್ಕು ಸಲ ಓದಿದ. ಮುರಿದು, ರಿಪೇರಿಯಾಗಿ, ಮತ್ತೆ ಓಡಿದ ವಸ್ತುವಿನ ನಕ್ಷೆ ಆ ವರ್ಕ್‌ಶಾಪಿಗೆ ಒಂದು ದಿನವೂ ಬಂದಿರಲಿಲ್ಲ. ಅಲ್ಲಿ ಬರುತ್ತಿದ್ದದ್ದೆಲ್ಲ ಇನ್ನೂ ಹುಟ್ಟದವು, ಧೂಳು ಮುಟ್ಟದವು. ಮೊದಲು ಆ ಡಬ್ಬಿ ಮಾಡಿದ, ಆ ಹಲಗೆಯ ಸಮೇತ. ಡಬ್ಬಿಗೆ ಹಳಿ ಬೇಕಾಯಿತು, ಹಳಿಗೆ ನೆಲ.

ಹಳಿಯೂ ಸುಲಭವಾಗಿರಲಿಲ್ಲ. ಐರ್ಲೆಂಡಿನಲ್ಲಿ ಹಳಿಗಳ ನಡುವೆ ಐದು ಅಡಿ ಮೂರು ಇಂಚು, ನಮ್ಮ ದೇಶದ್ದಕ್ಕಿಂತ ಮೂರು ಇಂಚು ಕಡಿಮೆ. ಅವನ ಪ್ರಮಾಣದಲ್ಲಿ ಅದು ಇಪ್ಪತ್ತೊಂದು ಮಿಲಿಮೀಟರ್. ಅಂಗಡಿಯಲ್ಲಿ ಸಿಗುವ ಹಳಿ ಹದಿನಾರೂವರೆಯದು. ಯಾರಿಗೂ ಗೊತ್ತಾಗುವುದಿಲ್ಲ ಎಂದು ಕ್ಲಬ್ಬಿನವರೆಲ್ಲ ಹೇಳಿದರು. ಅವನು ಹಳಿಯಡಿಯ ಸಾವಿರದ ಇನ್ನೂರು ಸ್ಲೀಪರುಗಳನ್ನು ಒಂದೊಂದಾಗಿ ಕತ್ತರಿಸಿ ಹಾಸಿದ.

ಆಗ ಅವನು ತಪ್ಪು ಮಾಡಿದ್ದು ಜೌಗುನೆಲದಲ್ಲಿ. ಅಲ್ಲಿಯ ಜನ ಆ ಮಣ್ಣನ್ನು ಇಟ್ಟಿಗೆಯಂತೆ ಕಡಿದು ಒಣಗಿಸಿ ಒಲೆಗೆ ಉರಿಸುತ್ತಾರೆ. ಬಣ್ಣ ಥೇಟ್ ಚಹಾ ಚರಟದ್ದು. ಕೆಳಗಿನ ಅಬೂಬಕ್ಕರನ ಕೆಫೆಟೇರಿಯಾದಲ್ಲಿ ದಿನಕ್ಕೆ ಬಕೆಟ್‌ಗಟ್ಟಲೆ ಚರಟ. ಜಯಪಾಲ ಅದನ್ನು ತಂದು ಬಾಲ್ಕನಿಯಲ್ಲಿ ಎರಡು ದಿನ ಒಣಗಿಸಿ ಅಂಟಿಸಿದ. ಒಂಬತ್ತನೆಯ ದಿನ ಬೂಷ್ಟು ಹಿಡಿದು ಐರ್ಲೆಂಡಿಗೆ ಬಿಳಿ ಗಡ್ಡ ಬಂತು. ಮೇಜಿನ ಕಾಲು ಹತ್ತಿ ಇರುವೆಗಳು ಸಾಲಾಗಿ ಪ್ಲ್ಯಾಟ್‌ಫಾರ್ಮು ತಲುಪಿದವು. ಅವತ್ತು ಮನೆಗೆ ಬಂದಿದ್ದ ಗೆಳೆಯ ಆಲ್ಫೋನ್ಸ್, ಹೋಟೆಲೊಂದರಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುವವನು, ಬಗ್ಗಿ ನೋಡಿ, "ಜಯಪಾಲಣ್ಣ, ಪ್ಯಾಸೆಂಜರ್ಸ್ ಬಂದ್ರಲ್ಲ! ಟಿಕೆಟ್ ಕೊಡಿ ಇನ್ನು," ಎಂದ.

"ಹಾಲು ಸಕ್ಕರೆ ಹಾಕಿ ಕುದಿಸಿದ ಕರಕ್ ಚಾಯದ ಚರಟ ಅದು," ಎಂದಳು ವಸಂತಿ. "ಬಿ.ಎಸ್ಸಿ. ಮಾಡಿದ್ದು ನೀವಾ ನಾನಾ?"

ಅವನು ಇಡೀ ನೆಲ ಕೆರೆದು ತೆಗೆದ. ಈ ಸಲ ಬರೀ ಸುಲೈಮಾನಿಯ ಚರಟ ತಂದ, ಹಾಲು ಮುಟ್ಟದ್ದು. ಮೂರು ನೀರು ತೊಳೆದು, ಒಂದು ಗಂಟೆ ಓವನಿನಲ್ಲಿಟ್ಟು, ಒಂದು ಚಮಚವನ್ನು ಮುಚ್ಚಿದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಪರೀಕ್ಷೆಗೆ ಬಿಟ್ಟು, ಆಮೇಲೆ ಹಾಸಿದ. ಅಂದಿನಿಂದ ತನ್ನ ಯಾವ ತಪ್ಪೂ ತನ್ನ ಕಣ್ಣು ತಪ್ಪಿಸುವುದಿಲ್ಲ ಎಂಬ ಧೈರ್ಯ ಅವನಿಗೆ ಬಂದಿತ್ತು.

ಪ್ರದರ್ಶನದ ಶನಿವಾರ ಬೆಳಿಗ್ಗೆ ಆಲ್ಫೋನ್ಸನ ಪಿಕಪ್ಪಿನಲ್ಲಿ ಎರಡೂ ಹಲಗೆಗಳು ದುಬೈಗೆ ಹೊರಟವು. ಹಿಂದಿನ ಸೀಟಿನಲ್ಲಿ ವಸಂತಿ ಮಡಿಲಲ್ಲಿ ಡಬ್ಬಿಗಳ ಪೆಟ್ಟಿಗೆ ಇಟ್ಟುಕೊಂಡಿದ್ದಳು.

"ಮೆಲ್ಲ ಹೋಗು ಆಲ್ಫೋನ್ಸ್, ಹಂಪ್ ಉಂಟು."

"ವಸಂತಿಯಕ್ಕ, ನನ್ನ ಹೆಂಡ್ತಿ ಅಗಾತಾನ ಹೆರಿಗೆಗೆ ಕರ್ಕೊಂಡು ಹೋಗುವಾಗ್ಲೂ ನಾನು ಇಷ್ಟು ಮೆಲ್ಲ ಹೋಗ್ಲಿಲ್ಲ."

ಮುಖ್ಯ ಹಾಲಿನಲ್ಲಿ ಹಲಗೆಗಳನ್ನು ಜೋಡಿಸಿ, ಮಟ್ಟಗೋಲು ಇಟ್ಟು, ಅದರೊಳಗಿನ ಗುಳ್ಳೆ ನಡುವೆ ನಿಂತದ್ದನ್ನು ನೋಡಿ ಮುಗಿಸುವಷ್ಟರಲ್ಲಿ ವಿಟ್‌ಕಂಬ್ ಬಂದರು. ಜೊತೆಯಲ್ಲಿ ಮಿಸೆಸ್ ಡೆಲೇನಿ. ಅಲ್ ಐನ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಅರವತ್ತರ ಹೆಂಗಸು. ಹುಟ್ಟಿ ಬೆಳೆದದ್ದು ಅದೇ ಪಶ್ಚಿಮ ಐರ್ಲೆಂಡಿನ ಒಂದು ರೈತನ ಮನೆಯಲ್ಲಿ. ಆಕೆ ಹೊಗಳಲೂ ಇಲ್ಲ, ಮುಗುಳ್ನಗಲೂ ಇಲ್ಲ. ಕನ್ನಡಕ ಹಾಕಿಕೊಂಡು ಎಡತುದಿಯಿಂದ ಶುರುಮಾಡಿ ರೋಗಿಯನ್ನು ನೋಡಿದ ಹಾಗೆ ನೋಡುತ್ತಾ ಬಂದಳು. ಗೋಡೆಯ ಹತ್ತಿರ ಬಗ್ಗಿ, ಕಲ್ಲುಗಳ ಸಂದಿಯಿಂದ ಆಚೆಕಡೆಯ ಬೆಳಕು ಕಾಣುತ್ತದೆಯೇ ಎಂದು ಪರೀಕ್ಷಿಸಿದಳು. ಕಂಡಿತು. ಬಣ್ಣ ಬಳಿಯದ ಹಲಗೆಯಿದ್ದ ಡಬ್ಬಿಯ ಮುಂದೆ ಸ್ವಲ್ಪ ನಿಂತಳು. ಜೌಗುನೆಲಕ್ಕೆ ಮೂಗು ಹತ್ತಿರ ತಂದು, "ಚಹಾ," ಎಂದಳು. ಅದು ಆಕ್ಷೇಪವಾಗಿರಲಿಲ್ಲ.

ಬಲತುದಿಯ ಶೆಡ್ಡಿನ ಹಿಂದೆ ಬಂದಾಗ ಆಕೆಯ ಬೆರಳು ನಿಂತಿತು.

"ಇದೇನು?"

ಅದು ಹುಲ್ಲಿನ ಬಣವೆ. ವಸಂತಿ ಮಾಡಿದ್ದು. ತೆಂಗಿನ ನಾರನ್ನು ಸಣ್ಣಗೆ ಕತ್ತರಿಸಿ, ಹಳದಿ ಬಣ್ಣ ಹಾಕಿ, ನಡುವೆ ಒಂದು ಕಂಬ ನೆಟ್ಟು ಅದರ ಸುತ್ತ ಪದರ ಪದರವಾಗಿ ಏರಿಸಿದ್ದಳು. ತುದಿಯಲ್ಲಿ ಕಂಬ ಎರಡು ಮಿಲಿಮೀಟರ್ ಹೊರಗೆ ಇಣುಕುತ್ತಿತ್ತು.

"ನಮ್ಮ ಕಡೆ ಯಾರೂ ಕಂಬ ನೆಡುವುದಿಲ್ಲ," ಎಂದಳು ಮಿಸೆಸ್ ಡೆಲೇನಿ. "ಇಷ್ಟು ಎತ್ತರವೂ ಇರುವುದಿಲ್ಲ. ಅಲ್ಲಿಯ ಗಾಳಿಗೆ ಇದು ಒಂದು ದಿನವೂ ನಿಲ್ಲುವುದಿಲ್ಲ. ಉಳಿದದ್ದರಲ್ಲಿ ನನಗೆ ಏನೂ ಸಿಕ್ಕಲಿಲ್ಲ."

ಜಯಪಾಲ ಬಗ್ಗಿ ಬಣವೆಯನ್ನು ನೋಡಿದ. ಅವನ ಬಳಿ ಇದ್ದ ಫೋಟೋದಲ್ಲಿ ಶೆಡ್ಡಿನ ಹಿಂದೆ ಬಣವೆಯ ಕಾಲುಭಾಗವಷ್ಟೇ ಕಾಣುತ್ತಿತ್ತು. ಉಳಿದ ಮುಕ್ಕಾಲು ಹೇಗಿರಬಹುದೆಂದು ಅವನು ಎಲ್ಲಿಯೂ ಹುಡುಕಲಿಲ್ಲ. ವಸಂತಿ ಮಾಡಿ ಇಟ್ಟಾಗ ಒಂದು ಕ್ಷಣವೂ ಅನುಮಾನ ಬರಲಿಲ್ಲ, ಏಕೆಂದರೆ ಅದು ಅವಳ ಅಪ್ಪನ ಅಂಗಳದಲ್ಲಿ, ಅವನ ಅಪ್ಪನ ಅಂಗಳದಲ್ಲಿ ಇದ್ದ ಬಣವೆಯೇ ಆಗಿತ್ತು. ಸಾವಿರದ ಇನ್ನೂರು ಸ್ಲೀಪರು ಅಳೆದವನು ಇದೊಂದನ್ನು ಅಳೆಯದೆ ಬಿಟ್ಟಿದ್ದ.

ಆಗ ವಿಟ್‌ಕಂಬ್ ಚಪ್ಪಾಳೆ ತಟ್ಟಿದರು. ವ್ಯಂಗ್ಯವಲ್ಲ, ನಿಜವಾದ ಸಂತೋಷ.

"ಅದ್ಭುತ! ನಿಮಗೆ ಗೊತ್ತಿಲ್ಲದೆಯೇ ನಿಮ್ಮ ಊರು ಒಳಗೆ ಬಂದುಬಿಟ್ಟಿದೆ. ಮುಟ್ಟಬೇಡಿ, ಹಾಗೇ ಇರಲಿ. ಪಂತ ಗಿಂತ ಬಿಡಿ, ನೀವು ಮುಖ್ಯ ಹಾಲಿನಲ್ಲೇ ಇರಿ. ನಾನೊಂದು ಕಾರ್ಡ್ ಮಾಡಿಸುತ್ತೇನೆ: 'ಭಾರತೀಯ ಕಣ್ಣಿನಲ್ಲಿ ಐರ್ಲೆಂಡ್'."

ಜಯಪಾಲ ಹಾಲನ್ನು ಒಮ್ಮೆ ನೋಡಿದ. ಎತ್ತರದ ಕಿಟಕಿ, ಒಳ್ಳೆಯ ಬೆಳಕು, ಸಮತಟ್ಟಾದ ನೆಲ. ಮೂರು ವರ್ಷ ಅವನು ಬಯಸಿದ್ದ ಜಾಗ ಕಾಲಕೆಳಗೇ ಇತ್ತು. ಒಂದು ಹೂಂ ಅಂದರೆ ಸಾಕಿತ್ತು. ಆದರೆ ಹೂಂ ಅಂದರೆ ಮುಂದೆ ಬರುವವರೆಲ್ಲ ಬಣವೆಯನ್ನು ನೋಡಿ ನಗುತ್ತಾರೆ, ಆಮೇಲೆ ಗೋಡೆಯನ್ನೂ ಹಳಿಯನ್ನೂ ಆ ನಗುವಿನಲ್ಲೇ ನೋಡುತ್ತಾರೆ.

"ಅದು ನನ್ನ ಕಣ್ಣಲ್ಲ ಸರ್. ಅದು ತಪ್ಪು," ಎಂದ.

ಚಿಮಟಕ್ಕೆ ಕೈ ಹಾಕಿದ, ಆದರೆ ಬೆರಳು ಮುಂದೆ ಹೋಗಲಿಲ್ಲ. ಆ ಬಣವೆಗೆ ವಸಂತಿ ಎರಡು ವಾರ ಕೂತಿದ್ದಳು.

"ಇತ್ಲಾಗಿ ಕೊಡಿ," ಎಂದಳು ವಸಂತಿ. "ನಾನು ಹಾಕಿದ್ದು, ನಾನೇ ತೆಗೀತೇನೆ." ಕಂಬವನ್ನು ಚಿಮಟದಲ್ಲಿ ಹಿಡಿದು ಒಂದೇ ಎಳೆತಕ್ಕೆ ಬಣವೆಯನ್ನು ಬುಡಸಮೇತ ಕಿತ್ತು ಪರ್ಸಿನೊಳಗೆ ಹಾಕಿದಳು. ಶೆಡ್ಡಿನ ಹಿಂದೆ ಒಂದು ಬೋಳು ವೃತ್ತ ಉಳಿಯಿತು.

"ಈಗ ತಪ್ಪು ಹೋಯಿತಲ್ಲ, ಹಾಗಾದರೆ ಇಲ್ಲೇ..." ಎಂದು ವಿಟ್‌ಕಂಬ್ ಶುರುಮಾಡಿದರು.

"ತೋರಿಸಿದರೆ ಹೋಗುತ್ತೇನೆ ಅಂದಿದ್ದೆ. ತೋರಿಸಿದರು." ಜಯಪಾಲ ಬೋಲ್ಟು ಬಿಚ್ಚತೊಡಗಿದ. "ಆಲ್ಫೋನ್ಸ್, ಆ ಕಡೆ ಹಿಡಿ."

"ಯಲ್ಲಾ, ಹೊರಡುವ," ಎಂದ ಆಲ್ಫೋನ್ಸ್. "ಇಷ್ಟು ಅರ್ಜೆಂಟಾಗಿ ದೇಶ ಖಾಲಿ ಮಾಡಿದವ್ರನ್ನು ನಾನು ನೋಡ್ಲಿಲ್ಲ."

ಕಾರಿಡಾರಿನಲ್ಲಿ ಅವನಿಗೆಂದು ಇಟ್ಟಿದ್ದ ಮೇಜಿನ ಮೇಲೆ 'ಕರ್ನಾಟಕ ಕರಾವಳಿ' ಎಂಬ ಫಲಕ, ರಟ್ಟಿನ ತೆಂಗಿನಮರ, ರಟ್ಟಿನ ದೋಣಿ ಕಾಯುತ್ತಿದ್ದವು. ಜಯಪಾಲ ಫಲಕವನ್ನು ತೆಗೆದು ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಮಟ್ಟಗೋಲು ಇಟ್ಟಾಗ ಗುಳ್ಳೆ ಒಂದು ಬದಿಗೆ ಓಡಿತು. ನೆಲ ಇಳಿಜಾರಾಗಿತ್ತು. ತೆಂಗಿನಮರವನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಒಂದು ಕಾಲಿನಡಿ ತುರುಕಿದ. ಗುಳ್ಳೆ ನಡುವೆ ಬಂದು ನಿಂತಿತು. ಆಮೇಲೆ ಒಂದು ಬಿಳಿ ಕಾರ್ಡಿನ ಮೇಲೆ ನಕ್ಷೆಗೆ ಬರೆಯುವ ನೆಟ್ಟಗಿನ ಅಕ್ಷರದಲ್ಲಿ ಬರೆದ:

ಐರ್ಲೆಂಡ್, ಪಶ್ಚಿಮ ಭಾಗ. ಪ್ರಮಾಣ 1:76. ಹಳಿಗಳ ಅಂತರ 21 ಮಿ.ಮೀ. ಒಂದು ತಪ್ಪು ಕಂಡುಬಂದಿದೆ, ತಿದ್ದಲಾಗುತ್ತಿದೆ. ಕಟ್ಟಿದವರು: ಜಯಪಾಲ, ವಸಂತಿ.

ಇಂಗ್ಲಿಷಿನಲ್ಲೂ ಬರೆದು ಪಕ್ಕದಲ್ಲಿಟ್ಟ.

ಮಿಸೆಸ್ ಡೆಲೇನಿ ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಂದು, ಪರ್ಸಿನಿಂದ ಬಣವೆಯನ್ನು ಹೊರತೆಗೆದಿದ್ದ ವಸಂತಿಯ ಪಕ್ಕದಲ್ಲಿ ಕೂತಳು. "ಮೊದಲು ಕುಳ್ಳಗೆ ಮಾಡು," ಎಂದಳು. "ಒಬ್ಬ ಮನುಷ್ಯನಿಗಿಂತ ತುಸು ಎತ್ತರ, ಸಾಕು. ಆಮೇಲೆ ಅದೇ ಹುಲ್ಲನ್ನು ಹೊಸೆದು ಎರಡು ಹಗ್ಗ. ಮೇಲಿಂದ ಅಡ್ಡಡ್ಡ ಹಾಯಿಸಬೇಕು. ತುದಿಗಳಿಗೆ ಕಲ್ಲು."

"ಎಷ್ಟು ದೊಡ್ಡ ಕಲ್ಲು?" ವಸಂತಿ ತನ್ನ ಇಂಗ್ಲಿಷಿನಲ್ಲಿ ಕೇಳಿದಳು.

ಮಿಸೆಸ್ ಡೆಲೇನಿ ಎರಡೂ ಕೈಗಳಿಂದ ಗಾಳಿಯಲ್ಲಿ ಒಂದು ಕಲ್ಲು ಎತ್ತಿ ತೋರಿಸಿದಳು. ಜಯಪಾಲ ಜೇಬಿನಿಂದ ಟೇಪು ತೆಗೆದು ಆ ಕೈಗಳ ನಡುವಿನ ಅಂತರವನ್ನು ಅಳೆದು, ಎಪ್ಪತ್ತಾರರಿಂದ ಭಾಗಿಸಿ, "ಮೂರೂವರೆ ಮಿಲಿಮೀಟರ್," ಎಂದ. ಆಲ್ಫೋನ್ಸ್ ಶಾಲೆಯ ಅಂಗಳಕ್ಕೆ ಜಲ್ಲಿ ಹುಡುಕಲು ಹೋದ.

ಹನ್ನೊಂದಾಗುವಷ್ಟರಲ್ಲಿ ಜನ ಬರತೊಡಗಿದರು. ಮುಖ್ಯ ಹಾಲಿಗೆ ಹೋಗಲು ಕಾರಿಡಾರನ್ನು ದಾಟಿಯೇ ಹೋಗಬೇಕಿತ್ತು. ಕಾರ್ಡಿನಲ್ಲಿ ತಪ್ಪು ಎಂದು ಬರೆದಿದ್ದನ್ನು ಓದಿ ಒಬ್ಬ ನಿಂತ, ಅದು ಎಲ್ಲಿದೆ ಎಂದು ಹುಡುಕಲು ಎಡತುದಿಯಿಂದ ಶುರುಮಾಡಿದ. ಅವನ ಹಿಂದೆ ಇನ್ನಿಬ್ಬರು. ಹುಡುಕುವವರು ಗೋಡೆಯ ಪ್ರತಿ ಕಲ್ಲನ್ನೂ ನೋಡಿದರು. ಡಬ್ಬಿಯ ಮೂರನೆಯ ಹಲಗೆ ಯಾಕೆ ಬೇರೆ ಬಣ್ಣ, ಇದೇ ಅಲ್ಲವೇ ತಪ್ಪು ಎಂದು ಒಬ್ಬಳು ಕೇಳಿದಳು. ಜಯಪಾಲ ನಕ್ಷೆ ಬಿಚ್ಚಿ ಪೆನ್ಸಿಲಿನ ಸಾಲು ತೋರಿಸಿದ.

ವಿಟ್‌ಕಂಬ್ ಎರಡು ಸಲ ಬಂದು ಹೋದರು. ಮೂರನೆಯ ಸಲ ಮೇಜಿನ ಮೇಲೆ ಮೊಣಕೈ ಊರಿ, ದನಿ ತಗ್ಗಿಸಿ ಹೇಳಿದರು: "ಜಯಪಾಲ್, ಹಾಲಿನಲ್ಲಿ ನಿಮ್ಮ ಜಾಗ ಖಾಲಿ ಬಿದ್ದಿದೆ. ಕಾರ್ಡ್ ನಿಮ್ಮದೇ ಇರಲಿ. ಬನ್ನಿ."

ವಸಂತಿ ಎರಡನೆಯ ಹಗ್ಗದ ತುದಿಗೆ ಕಲ್ಲು ಕಟ್ಟುತ್ತಿದ್ದಳು. ಮಿಸೆಸ್ ಡೆಲೇನಿ ಉಸಿರು ಹಿಡಿದು ನೋಡುತ್ತಿದ್ದಳು. ಜಯಪಾಲ ಕಂಟ್ರೋಲರಿನ ಗುಂಡಿ ತಿರುಗಿಸಿದ. ಗೂಡ್ಸ್ ರೈಲು ಇಪ್ಪತ್ತೊಂದು ಮಿಲಿಮೀಟರಿನ ಹಳಿಯ ಮೇಲೆ ನಿಧಾನವಾಗಿ ಹೊರಟಿತು.

"ಮೊಣಕೈ ತೆಗೆಯಿರಿ ಸರ್," ಎಂದ. "ಹಳಿಯ ಮೇಲಿದೆ. ರೈಲು ಬರ್ತಾ ಉಂಟು."

ವಿಟ್‌ಕಂಬ್ ಹಿಂದೆ ಸರಿದು ನಿಂತರು.