ಹನ್ನೊಂದನೆಯ ಚಿತ್ರಕ್ಕೆ ಏಳು ಸೆಕೆಂಡು

ಚಳಿ ಹಿಂದೆ ಸರಿದು ಗಾಳಿ ದಿಕ್ಕು ಬದಲಿಸಿದೆ, ಕಾಳು ಹಸನು ಮಾಡುವುದಕ್ಕೆ ಹೇಳಿ ಮಾಡಿಸಿದಂಥ ಗಾಳಿ, ಅಂಗಳದಲ್ಲಿ ಅಮ್ಮ ಬೆಳಗಿನಿಂದ ಕಡಲೆ ಕೇರುತ್ತ ಕೂತಿದ್ದಾಳೆ, ಸರ್ ಸರ್ ಎಂದು ಹೊಟ್ಟು ಹಾರುತ್ತದೆ, ಕಾಳು ಮೊರದಲ್ಲೇ ಉಳಿಯುತ್ತದೆ, ಕಲ್ಲಿದ್ದರೆ ಬೆರಳು ಹುಡುಕಿ ಎಸೆಯುತ್ತದೆ, ಕಣ್ಣಿನ ಕೆಲಸ ಅವಳ ಬೆರಳಿಗೆ ಬಂದು ಮೂರು ವರ್ಷವಾಯಿತು — ಆ ಸದ್ದೆಲ್ಲ ಕಿಟಕಿ ದಾಟಿ ಬಂದು ನನ್ನ ಮೈಕಿನಲ್ಲಿ ಕೂರುತ್ತದೆ, ಇದು ನಾಲ್ಕನೆಯ ಸಲ, ನಾಲ್ಕು ಸಲವೂ ನನ್ನ ದನಿಯ ಹಿಂದೆ ಮೊರದ ದನಿ, ಅಳಿಸು, ಮತ್ತೆ ಒತ್ತು, ಮತ್ತೆ ಅದೇ ಸಾಲು. ಅಂದು, ತೊಳೆಯದ ಕೈಗಳಲ್ಲಿ ನಮ್ಮ ತಾಯಂದಿರ ಪ್ರಾಣವಿತ್ತು. ಎಷ್ಟು ಚೆನ್ನಾಗಿ ಬರೆದಿದ್ದಾನೆ ನೋಡು, ಸೂಪರ್‌ವೈಸರು, ಒಂದೇ ಸಾಲು, ಏಳು ಸೆಕೆಂಡಿಗೆ ಸರಿಯಾಗಿ ಕೂರುವ ಸಾಲು, ಅಳತೆ ತೆಗೆದು ಹೊಲಿದ ಹಾಗೆ. ಹತ್ತು ಚಿತ್ರಕ್ಕೆ ಮಾತು ಹಾಕಿ ಆಯಿತು, ಊರಿನ ದಾರಿ, ಕೆರೆ, ಹಳೆಯ ಮನೆಗಳು, ಒಂಬತ್ತನೆಯದು ಕಂಬ ಕಂಬವಾಗಿ ನಿಂತ ಅಂಕಿಗಳು, ಎಲ್ಲ ಒಂದೇ ಉಸಿರಿಗೆ ಓದಿದೆ, ಹನ್ನೊಂದಕ್ಕೆ ಬಂದಾಗ ಮಾತ್ರ ದನಿ ತಾನಾಗಿ ಇಳಿಯುತ್ತದೆ, ಪಿಸುಮಾತಾಗುತ್ತದೆ, ಅಂಗಳದವಳಿಗೆ ಕೇಳದಿರಲಿ ಎಂದು, ಮೊರದ ಸದ್ದು ನನ್ನನ್ನು ಮುಚ್ಚಿಕೊಳ್ಳಲಿ ಎಂದು, ಆಮೇಲೆ ಅದೇ ಸದ್ದಿಗೆ ಬೈಯುತ್ತೇನೆ, ನಾನೆಂಥ ಹೆಂಗಸು. ಇಪ್ಪತ್ತೆರಡು ಚಿತ್ರ, ಕೆಳಗೆ ಸಂಗೀತ, ಮೇಲೆ ನನ್ನ ಮಾತು, ಸಂಜೆ ನಾಲ್ಕಕ್ಕೆ ಕಳಿಸಬೇಕು, ನಾಳೆ ಸಭಾಂಗಣದಲ್ಲಿ ಗೋಡೆಯಷ್ಟು ಅಗಲದ ಪರದೆಯ ಮೇಲೆ ಬಿಡುತ್ತಾರಂತೆ, ಮನೆಹೆರಿಗೆ ಒಂದೂ ಇಲ್ಲದ ಐದು ವರ್ಷ ಅಂತ ನಮ್ಮ ಆರೋಗ್ಯ ಕೇಂದ್ರಕ್ಕೆ ಬಹುಮಾನ. ಬಹುಮಾನ ಬರಲಿ, ಬೇಡ ಅಂದವರು ಯಾರು, ನಾನೇ ಅಲ್ಲವೇ ದಿನಾ ಕೂತು ಆ ಅಂಕಿಗಳನ್ನು ಕಂಪ್ಯೂಟರಿಗೆ ತುಂಬುವವಳು, ವರ್ಷಕ್ಕೊಮ್ಮೆ ಅವನ ಸಹಿ ಬಿದ್ದರೆ ಉಳಿಯುವ ಕೆಲಸ, ಸಹಿ ಬೀಳುವುದು ಬರುವ ತಿಂಗಳು. ನಿಮ್ಮ ದನಿ ಚೆನ್ನಾಗಿದೆ ಮೇಡಂ, ನೀವೇ ಓದ್ಬಿಡಿ, ಹೊರಗಿನವರಿಗೆ ಯಾಕೆ ಕೊಡೋದು ಅಂದ, ನಾನೂ ಹಲ್ಲು ಕಿರಿದೆ, ಹೂಂ ಸರ್ ಅಂದೆ, ಈ ಹಲ್ಲು ಇವತ್ತು ಯಾಕೆ ಹೀಗೆ ಒಂದಕ್ಕೊಂದು ಕಚ್ಚಿಕೊಂಡಿವೆ.

ಹನ್ನೊಂದನೆಯದರ ಫೋಟೋ ತೆಗೆದವಳೂ ನಾನೇ. ಅದನ್ನು ಯಾರ ತಲೆಗೆ ಕಟ್ಟಲಿ. ಹೋದ ವಾರ ಅವನು ಅಂದದ್ದು ಇಷ್ಟೇ, ಹಳೇ ಕಾಲದ ಸೂಲಗಿತ್ತಿ ಅಂದ್ರೆ ಈಗ ಈ ಕಡೆ ನಿಮ್ಮಮ್ಮ ಒಬ್ಬರೇ ಉಳಿದಿರೋದು, ಒಂದು ಫೋಟೋ ಕೊಡಿ, ಗೌರವದಿಂದ ಹಾಕೋಣ. ಗೌರವ ಎಂಬ ಮಾತಿಗೆ ನಾನು ಕರಗಿದೆ, ಬೆಣ್ಣೆಯ ಹಾಗೆ ಕರಗಿದೆ, ಮನೆಗೆ ಬಂದು ಅದೇ ಮಾತನ್ನು ಅಮ್ಮನ ಕೈಗೆ ಇಟ್ಟೆ, ನಿನಗೆ ಗೌರವ ಮಾಡ್ತಾರಂತೆ ಅಂದೆ. ಅವಳು ಕೆಲಸ ಬಿಟ್ಟು ಎದ್ದಳು. ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದಳು, ಬಂದು ಕೂತಳು, ಮತ್ತೆ ಎದ್ದು ಹೋಗಿ ಇನ್ನೊಮ್ಮೆ ತೊಳೆದಳು, ಮೊಣಕೈವರೆಗೆ, ಉಗುರಿನ ಸಂದಿಗೆಲ್ಲ ಕಡ್ಡಿ ಹಾಕಿ. ಸಾಕಮ್ಮ, ಫೋಟೋಗೆ ಇಷ್ಟೆಲ್ಲ ಬೇಕಾ, ಮದುವೆ ಹೆಣ್ಣಾ ನೀನು ಅಂದರೆ, ನೀನು ಸುಮ್ನಿರು, ಉಗುರು ನೋಡು, ಎಲ್ಲಾದ್ರೂ ಕಪ್ಪಿದೆಯಾ, ನನಗೆ ಕಾಣಲ್ಲ ಅಂದಳು, ಎರಡೂ ಅಂಗೈ ಮೇಲೆ ಮಾಡಿ ಮುಂದಕ್ಕೆ ಚಾಚಿದಳು, ಮಣಿಕಟ್ಟಿನ ಸುಕ್ಕಿನಲ್ಲಿ ಸೋಪಿನ ನೊರೆ ಒಂದಿಷ್ಟು ಹಾಗೇ ಉಳಿದಿತ್ತು, ನಾನು ಆ ಕೈಗಳನ್ನೇ ತೆಗೆದೆ. ಕಳಿಸಿದ ಅರ್ಧ ಗಂಟೆಗೆ ಫೋನು. ಫೋಟೋ ಏನೋ ಚೆನ್ನಾಗಿದೆ ಮೇಡಂ, ಆದ್ರೆ ಕೈ ಇಷ್ಟು ಕ್ಲೀನಾಗಿದ್ರೆ ಹೇಗೆ, ನಮ್ಮ ಸಾಲಿಗೆ ಹೊಂದಬೇಕಲ್ಲ, ಸ್ವಲ್ಪ ಮಣ್ಣು ಮಣ್ಣಾಗಿ ಕಾಣೋ ಹಾಗೆ ಮಾಡಿ. ಯಾವ ಸಾಲು ಸರ್ ಅಂದೆ. ಆಗ ಓದಿ ಹೇಳಿದ.  ಅವನೇ ಮುಂದುವರಿಸಿದ, ತಪ್ಪು ತಿಳ್ಕೋಬೇಡಿ, ನಿಮ್ಮಮ್ಮ ಅಂತಲ್ಲ, ಅದು ಒಂದು ಕಾಲದ ಗುರುತು ಅಷ್ಟೆ, ಅವರನ್ನ ಮುಂದಿನ ಸಾಲಲ್ಲೇ ಕೂರಿಸೋಣ, ಹೇಗೂ ಅವರಿಗೆ ಕಣ್ಣು ಕಾಣಲ್ಲವಲ್ಲ. ಕಿವಿ ಕೇಳುತ್ತದಲ್ಲ ಮಹಾರಾಯ. ಇರುವೆ ನಡೆದರೂ ಕೇಳುತ್ತದೆ ಅವಳಿಗೆ. ಇದನ್ನು ಹೇಳಿದೆನಾ, ಇಲ್ಲ, ಹೂಂ ಸರ್ ಅಂದೆ, ಲ್ಯಾಪ್‌ಟಾಪು ತೆರೆದು ಬೆಳಕಿನ ಗುಂಡಿಯನ್ನು ಎಡಕ್ಕೆ ಎಳೆದೆ, ಕಂದು ಬಣ್ಣದ್ದನ್ನು ಬಲಕ್ಕೆ ಎಳೆದೆ, ನೋಡನೋಡುತ್ತ ಸುಕ್ಕುಗಳೆಲ್ಲ ಕೆಸರಿನ ಗೆರೆಗಳಾದವು, ಉಗುರಿನ ಸಂದಿ ಕಪ್ಪಾಯಿತು, ನೊರೆ ಇದ್ದಲ್ಲಿ ಏನೋ ಗಾಯ ಒಣಗಿದ ಹಾಗೆ. ಎರಡು ಸಲ ಸೋಪು ಹಚ್ಚಿ ತೊಳೆದ ಕೈಯನ್ನು ಒಂದು ಬೆರಳಲ್ಲಿ ಕೊಳೆ ಮಾಡಿದೆ, ಹೆತ್ತವಳ ಕೈಗೆ ಮಸಿ ಬಳಿಯುವುದಕ್ಕೆ ಮಸಿಯೂ ಬೇಕಾಗಲಿಲ್ಲ. ಸೂಪರ್ ಅಂತ ಅವನು ಹೆಬ್ಬೆಟ್ಟಿನ ಚಿತ್ರ ಕಳಿಸಿದ.

ಹೆಬ್ಬೆಟ್ಟು. ಕೇಂದ್ರದ ಹಳೆಯ ಹೆರಿಗೆ ದಾಖಲೆ ಪುಸ್ತಕದಲ್ಲೂ ಹೆಬ್ಬೆಟ್ಟೇ ಇರುವುದು, ನೇರಳೆ ಬಣ್ಣದ್ದು, ಕೆಲಸಕ್ಕೆ ಸೇರಿದ ವರ್ಷ ಹಳೆಯ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವಾಗ ಸಿಕ್ಕಿತು, ಅಕ್ಕನ ಸಾಲು, ಸ್ಥಳ ಮನೆ, ಹೆರಿಗೆ ಮಾಡಿಸಿದವರು ಸೂಲಗಿತ್ತಿ, ಆರನೆಯ ದಿನ ಜ್ವರದಿಂದ ತಾಯಿ ಮರಣ, ಪಕ್ಕದಲ್ಲಿ ಅಮ್ಮನ ಹೆಬ್ಬೆಟ್ಟು. ನಾನು ಅದನ್ನೂ ಇದ್ದ ಹಾಗೇ ಏರಿಸಿದೆ. ಒಂಬತ್ತನೆಯ ಚಿತ್ರದಲ್ಲಿ ಮನೆಹೆರಿಗೆಯಲ್ಲಿ ಸತ್ತ ತಾಯಂದಿರ ಕೆಂಪು ಕಂಬ ಇದೆಯಲ್ಲ, ಮೂರು ಎಂದು ಬರೆದಿದೆಯಲ್ಲ, ಅದರಲ್ಲೊಂದು ಅಕ್ಕ. ಸ್ಥಳ ಮನೆಯಂತೆ. ನನಗೆ ಆಗ ಹದಿನಾರು, ಮರೆಯುವ ವಯಸ್ಸಲ್ಲ ಅದು. ಹೆರಿಗೆಗೆಂದು ಬಟ್ಟೆ ಕುದಿಸುತ್ತಿದ್ದೆ, ಅಮ್ಮ ಅಕ್ಕನ ಹೊಟ್ಟೆ ಸವರಿ ನೋಡಿ ತಟ್ಟನೆ ಕೈ ಎತ್ತಿದಳು, ಮಗು ಅಡ್ಡ ಕೂತಿದೆ, ಇದು ನನ್ನ ಕೈಲಿ ಆಗೋದಲ್ಲ, ಗಾಡಿ ಕಟ್ಟಿ, ಆಸ್ಪತ್ರೆಗೆ ನಡೀರಿ ಅಂದಳು. ಅವಳೇ ಅಂದಳು, ಈ ಅಜ್ಞಾನಿ, ಈ ಒಂದು ಕಾಲದ ಗುರುತು. ನೆತ್ತಿಯ ಮೇಲೆ ಬಿಸಿಲು, ಹಳ್ಳ ದಾಟುವಾಗ ಚಕ್ರ ಹೂತುಕೊಂಡಿತು, ಅಮ್ಮ ಇಳಿದು ಚಕ್ರಕ್ಕೇ ಕೈ ಕೊಟ್ಟು ಎತ್ತಿದಳು, ಅಕ್ಕ ಗಾಡಿಯೊಳಗೆ ಹಲ್ಲು ಕಚ್ಚಿಕೊಂಡು ಇನ್ನೆಷ್ಟು ದೂರ ಇನ್ನೆಷ್ಟು ದೂರ ಅನ್ನುತ್ತಿದ್ದಳು, ಹೋಗಿ ನೋಡಿದರೆ ಬಾಗಿಲಿಗೆ ಬೀಗ. ವಾರದ ನಡುವಿನ ದಿನ, ಹಗಲು ಹನ್ನೆರಡೂವರೆ ಗಂಟೆ, ಬೀಗ. ನರ್ಸಮ್ಮನ ಮನೆಗೆ ಓಡು ಅಂದಳು ಅಮ್ಮ, ಓಡಿದೆ, ಅಲ್ಲಿಯೂ ಬೀಗ, ಯಾರದೋ ಮದುವೆಯಂತೆ, ಎಲ್ಲರೂ ಹೋಗಿದ್ದಾರಂತೆ, ಪಕ್ಕದ ಮನೆಯವಳು ಅಕ್ಕಿ ಆರಿಸುತ್ತ ಹೇಳಿದಳು, ವಾಪಸು ಓಡಿ ಬರುವ ಹೊತ್ತಿಗೆ ಜಗಲಿಯ ಮೇಲೆ ಗಾಡಿಯ ಗೋಣಿತಟ್ಟು ಹಾಸಿ ಎಲ್ಲ ಆಗಿತ್ತು, ಮಗು ಅಮ್ಮನ ಸೆರಗಿನಲ್ಲಿ ಅಳುತ್ತಿತ್ತು, ಅಕ್ಕ ನನ್ನ ನೋಡಿ ನಕ್ಕಳು ಕೂಡ, ಓಟದಲ್ಲಿ ನೀನು ಯಾವಾಗಲೂ ಕೊನೆ ಅಂದಳು. ಅಡ್ಡ ಕೂತ ಮಗುವನ್ನು ಕೈಯಲ್ಲೇ ತಿರುಗಿಸಿ ತೆಗೆದಿದ್ದಳು ಅಮ್ಮ, ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತು. ಆಮೇಲೆ ಜ್ವರ. ಆರು ದಿನ. ಆಮೇಲೆ ಮಗುವನ್ನು ಅದರ ಅಪ್ಪನ ಕಡೆಯವರು ಒಯ್ದರು. ಆಮೇಲೆ ನರ್ಸಮ್ಮ ಪುಸ್ತಕ ಹಿಡಿದು ಮನೆಗೇ ಬಂದಳು, ಇಲ್ಲೊಂದು ಒತ್ತಮ್ಮ ಅಂದಳು, ಅಮ್ಮ ಒತ್ತಿದಳು. ಏನು ಬರೆದಿದೆ ಅಂತ ಕೇಳಿಯೇ ಒತ್ತಿದಳು, ಸ್ಥಳ ಮನೆ ಅಂತ ಓದಿ ಹೇಳಿದ ಮೇಲೆಯೂ ಒತ್ತಿದಳು, ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಇದಕ್ಕೆ ಅವಳನ್ನು ನಾನು ಕ್ಷಮಿಸಿಲ್ಲ, ಇಪ್ಪತ್ತಾರು ವರ್ಷವಾಯಿತು, ಇವತ್ತಿಗೂ ಕ್ಷಮಿಸಿಲ್ಲ, ಸುಳ್ಳಿಗೆ ಯಾಕೆ ಬೆರಳು ಕೊಟ್ಟೆ ಎಂದು ಕೇಳಿಲ್ಲ, ಕೇಳಿದರೆ ಹೊಡೆದ ಹಾಗಾಗುತ್ತದೆ ಎಂದು ಸುಮ್ಮನಿದ್ದೇನೆ. ಅಲ್ಲಿಂದಾಚೆ ಅವಳು ಒಂದು ಬಸುರಿಯನ್ನೂ ಮುಟ್ಟಲಿಲ್ಲ, ಮನೆ ಬಾಗಿಲಿಗೆ ಬಂದು ಕಾಲು ಹಿಡಿದವರನ್ನೂ ಹಿಂದಕ್ಕೆ ಕಳಿಸಿದಳು, ಮುನ್ನೂರು ಚಿಲ್ಲರೆ ಮಕ್ಕಳನ್ನು ಹಿಡಿದ ಕೈ ಕಡಲೆಗೆ ಬಂದು ನಿಂತಿತು.

ಕೊಳಲು ಬೇರೆ. ಅಂದು ಎಂಬ ಭಾಗಕ್ಕೆಲ್ಲ ಅಳುವ ಕೊಳಲು ಹಾಕಬೇಕಂತೆ, ಹನ್ನೆರಡನೆಯ ಚಿತ್ರದಿಂದ ಗಿಟಾರು, ಅಲ್ಲಿ ಬಿಳಿ ಹಾಸಿಗೆ, ನಗುವ ತಾಯಿ, ಬಾಗಿಲು ಹಗಲು ರಾತ್ರಿ ತೆರೆದಿದೆ ಎಂಬ ಫಲಕ. ಕೊಳಲು ಇರುವುದು ಹದಿನಾಲ್ಕೇ ಸೆಕೆಂಡು, ಮುಗಿದ ಕೂಡಲೇ ಬಿಕ್ಕಿ ಮತ್ತೆ ಮೊದಲಿಂದ ಅಳುತ್ತದೆ, ಬಾಡಿಗೆಗೆ ಬಂದವರ ಅಳು. ಅಮ್ಮನಿಗೆ ನಾಳೆಯದೇ ಸಂಭ್ರಮ. ಕಡಲೆ ಕೊಳ್ಳಲು ಬಂದವಳ ಹತ್ತಿರ ನಿನ್ನೆ ಹೇಳುತ್ತಿದ್ದಳು, ನಾಳಿದ್ದು ನನ್ನ ಮಗಳು ಗೋಡೆಯೊಳಗಿಂದ ಮಾತಾಡ್ತಾಳೆ ಕಣೇ, ಇವಳು ಹುಟ್ಟಿದಾಗ ಅಳೋದಕ್ಕೇ ಹಿಂದೆ ಮುಂದೆ ನೋಡಿದ್ಲು, ನಮ್ಮಮ್ಮ ಬೆನ್ನಿಗೆ ಎರಡು ಬಿಟ್ಟ ಮೇಲೆ ಬಾಯಿ ಬಿಟ್ಟಿದ್ದು, ಈಗ ನೋಡು. ಈಗ ನೋಡು, ಈಗ ನೋಡು — ಮುಂದಿನ ಸಾಲಿನಲ್ಲಿ ಕೂತು ಕಿವಿ ಅತ್ತ ಕೊಟ್ಟು ಕೇಳುತ್ತಾಳೆ, ಕೊಳಲು ಬಿಕ್ಕುತ್ತದೆ, ತೊಳೆಯದ ಕೈಗಳಲ್ಲಿ ಅನ್ನುತ್ತದೆ ನನ್ನ ದನಿ, ನನ್ನದೇ ದನಿ, ಅವಳಮ್ಮ ಬೆನ್ನು ತಟ್ಟಿ ಬಿಡಿಸಿದ ದನಿ, ಊರೇ ತಿರುಗಿ ಅವಳ ಮಡಿಲಿನಲ್ಲಿರುವ ಕೈ ನೋಡುತ್ತದೆ. ಮೂರೂಕಾಲು ಆಯಿತು. ಅಮ್ಮ, ಸ್ವಲ್ಪ ಹೊತ್ತು ಮೊರ ನಿಲ್ಲಿಸು, ಸದ್ದು ಬರ್ತಿದೆ ಎಂದು ಕೂಗಿದೆ, ಕೂಗಿನಲ್ಲೇ ಸಿಟ್ಟಿತ್ತು, ಯಾರ ಮೇಲಿನ ಸಿಟ್ಟು ಯಾರ ಮೇಲೆ. ಮೊರ ನಿಂತಿತು. ಕಿಟಕಿಯಿಂದ ಕಾಣುತ್ತದೆ, ಕೋಳಿಗಳನ್ನು ಸದ್ದಿಲ್ಲದೆ ಕೈಯಲ್ಲೇ ಓಡಿಸಿದಳು, ದಾರಿಯಲ್ಲಿ ಹೆಜ್ಜೆ ಸದ್ದು ಬಂದ ಕಡೆಗೆ ತಿರುಗಿ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದಳು, ಆಮೇಲೆ ಎರಡೂ ಕೈಯನ್ನು ಮೊರದ ಮೇಲೆ ಮಲಗಿಸಿ, ಉಸಿರು ಕೂಡ ಮೆಲ್ಲಗೆ ಬಿಡುತ್ತ, ನನ್ನ ಮಾತು ಚೊಕ್ಕವಾಗಿ ಬರಲಿ ಎಂದು ಕಾಯುತ್ತ ಕೂತಳು. ಹೀಗೆ ಕೂತವಳ ಮೇಲೆ ಆ ಸಾಲನ್ನು ಹಾಕುವವಳು ಮನುಷ್ಯಳಾ. ಬೆಳಕಿನ ಗುಂಡಿಯನ್ನು ಹಿಡಿದೆ, ಬಲಕ್ಕೆ ಎಳೆದೆ, ಕಂದನ್ನು ಸೊನ್ನೆಗೆ ತಂದೆ, ಕೈ ಬೆಳ್ಳಗಾಯಿತು, ನೊರೆ ನೊರೆಯಾಯಿತು, ಹೋಗಲಿ ಸಹಿ, ಹೋಗಲಿ ಕೆಲಸ, ಒತ್ತಿದೆ, ಕೆಂಪು ಚುಕ್ಕೆ ಹತ್ತಿಕೊಂಡಿತು, ಪಿಸುಮಾತಲ್ಲ ಈ ಸಲ, ನನ್ನ ಕಿವಿಗೇ ನನ್ನ ದನಿ ದೊಡ್ಡದಾಗಿ ಕೇಳುತ್ತಿದೆ — ಇದು ನನ್ನ ಅಮ್ಮ. ಮಗಳಿಗೆ ಕಷ್ಟವಾದಾಗ ಮೊದಲು ಆಸ್ಪತ್ರೆಯ ಹೆಸರು ಹೇಳಿದವಳು ಇವಳೇ. ನಮ್ಮಕ್ಕ ಹೆತ್ತದ್ದು ಮನೆಯಲ್ಲಲ್ಲ, ಇದೇ ಆರೋಗ್ಯ ಕೇಂದ್ರದ ಜಗಲಿಯ ಮೇಲೆ, ಹಗಲು ಹೊತ್ತಿನಲ್ಲಿ. ಬಾಗಿಲಿಗೆ ಬೀಗ ಹಾಕಿತ್ತು. ಏಳು ಸೆಕೆಂಡು ಯಾವಾಗಲೋ ಮುಗಿದಿತ್ತು, ಚಿತ್ರ ಮಾತಿನ ಹಿಂದೆ ಉದ್ದಕ್ಕೆ ಎಳೆದುಕೊಂಡು ಬರುತ್ತಿತ್ತು, ಹದಿನೇಳು, ಹದಿನೆಂಟು. ಗೆದ್ದ ಹಾಗೆ, ಯಾರನ್ನೋ ಕೊರಳಪಟ್ಟಿ ಹಿಡಿದು ಆ ಜಗಲಿಗೆ ಎಳೆದು ತಂದ ಹಾಗೆ.

ಆಯ್ತಾ ಎಂದಳು ಅಮ್ಮ, ಅಂಗಳದಿಂದ. ಆಯ್ತು ಅಂದೆ. ಅವಳು ಇನ್ನೂ ಮೊರ ಎತ್ತಲಿಲ್ಲ. ನಲ್ಲಿ ವಿಷಯ ಬಿಟ್ಟುಬಿಟ್ಟೆಯಲ್ಲ ಅಂದಳು. ಯಾವ ನಲ್ಲಿ. ಬಾಗಿಲ ಪಕ್ಕದ್ದು, ನೀನು ನರ್ಸಮ್ಮನ ಮನೆಗೆ ಓಡಿದ್ದೆ, ನಿನಗೆ ಗೊತ್ತಿಲ್ಲ, ಹಳ್ಳದಲ್ಲಿ ಚಕ್ರ ಎತ್ತಿದ ಕೈ ಅದು, ಕೀಲೆಣ್ಣೆ, ಕೆಸರು, ಸಗಣಿ, ನಲ್ಲಿ ತಿರುಗಿಸಿದೆ, ತಿರುಗಿಸಿದೆ, ಗೊರ ಗೊರ ಅಂತು, ನೀರು ಬರಲಿಲ್ಲ, ನಿಮ್ಮಕ್ಕ ಕೂಗ್ತಿದ್ಲು, ಸೆರಗಿಗೆ ಒರೆಸ್ಕೊಂಡು ಒಳಗೆ ಕೈ ಹಾಕ್ದೆ. ಗಾಳಿ ಮೊರದ ಮೇಲಿನ ಹೊಟ್ಟನ್ನು ಒಂದೊಂದೇ ಎತ್ತಿಕೊಂಡು ಹೋಗುತ್ತಿದೆ. ಬೆಳಗಿಂದ ನಾಲ್ಕು ಸಲ ಓದಿದೆಯಲ್ಲ ಮಗಳೇ, ತೊಳೆಯದ ಕೈ ಅಂತ, ಅದನ್ನೇ ಓದು, ಅವರು ಬರೆದಿರೋದು ಸುಳ್ಳಲ್ಲ. ನಾಲ್ಕು ಸಲವೂ ಕೇಳಿಸಿಕೊಂಡಿದ್ದಾಳೆ, ನಾಲ್ಕು ಸಲವೂ ಕೇರಿದ್ದಾಳೆ. ಹೆಬ್ಬೆಟ್ಟು ಒತ್ತಿದ್ದು ಇದಕ್ಕೇ, ಕೆಲಸ ಬಿಟ್ಟಿದ್ದು ಇದಕ್ಕೇ, ನರ್ಸಮ್ಮನ ಸುಳ್ಳಿಗಲ್ಲ, ತನ್ನ ಕೈಗೆ ತಾನೇ ಕೊಟ್ಟುಕೊಂಡ ತೀರ್ಪಿಗೆ ಬೆರಳು ಕೊಟ್ಟವಳು, ಇಪ್ಪತ್ತಾರು ವರ್ಷ ನನ್ನೆದುರೇ ಕೂತು ಅನ್ನ ಕಲಸಿದ್ದಾಳೆ ಆ ಕೈಯಲ್ಲಿ. ಓದಲ್ಲಮ್ಮ ಅಂದೆ.  ಕೆಂಪು ಚುಕ್ಕೆ ಇನ್ನೊಮ್ಮೆ ಹತ್ತಿಸಿದೆ, ಮೈಕಿನ ಹತ್ತಿರ ಹೋದೆ, ಬಾಗಿಲಿಗೆ ಬೀಗ ಎಂಬ ಮಾತಿನ ಬೆನ್ನಿಗೇ ಹೇಳಿದೆ, ನಲ್ಲಿಯಲ್ಲಿ ನೀರಿರಲಿಲ್ಲ — ಇನ್ನೂ ಏನೋ ಇತ್ತು ಹೇಳುವುದು, ಬರುತ್ತಿಲ್ಲ, ಸೆಕೆಂಡುಗಳು ಓಡುತ್ತಿವೆ, ನಿಲ್ಲಿಸುವ ಗುಂಡಿಯ ಮೇಲೆ ಬೆರಳಿದೆ, ಒತ್ತಲಾಗುತ್ತಿಲ್ಲ, ನೆತ್ತಿಯ ಮೇಲೆ ಬಿಸಿಲು, ಬೆನ್ನ ಹಿಂದೆ ಅಕ್ಕನ ಕೂಗು, ಅಮ್ಮನ ಎಡಗೈ ನಲ್ಲಿಯ ತಲೆ ತಿರುಗಿಸುತ್ತಿದೆ, ಬಲಗೈ ನೀರಿಗೆಂದು ಕೆಳಗೆ ಚಾಚಿದೆ, ಗೊರ ಗೊರ, ತಿರುಗಿಸುತ್ತಿದೆ, ಬಲಗೈ ಕೆಳಗೇ ಇದೆ, ತಿರುಗಿಸುತ್ತಿದೆ