ಬರದೇ ಹೋದ ಬದಲಿ ಸರ್ವರ್

ಅತ್ತಿಗೆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ, ನಾದಿನಿ ಅಲ್ಲೇ ಖರೀದಿ ವಿಭಾಗದಲ್ಲಿ. ಇಬ್ಬರೂ ಹಾಲು-ಜೇನಿನ ಹಾಗಿದ್ದರು. ಅತ್ತೆಯೇ ಒಮ್ಮೊಮ್ಮೆ ಹೊಟ್ಟೆಕಿಚ್ಚು ಪಡುವಷ್ಟು.

ಒಂಬತ್ತು ವರ್ಷದ ಹಳೆಯ ಸರ್ವರ್‌ಗೆ ಹೊಸ ಡಿಸ್ಕ್ ಹಾಕಿ, ಆಪರೇಟಿಂಗ್ ಸಿಸ್ಟಮ್ ಬದಲಿಸಬೇಕಿತ್ತು. ರೋಗಿಗಳ ದಾಖಲೆಯೆಲ್ಲ ಅದರಲ್ಲೇ. ಅತ್ತಿಗೆ ಮೂರು ತಿಂಗಳು ತಲೆ ಕೆಡಿಸಿಕೊಂಡು ಯೋಜನೆ ಹಾಕಿದಳು: ಅಷ್ಟು ಹೊತ್ತು ಹಳೆಯದರ ಕೆಲಸವನ್ನು ಒಂದು ಬದಲಿ ಸರ್ವರ್ ಹೊತ್ತುಕೊಂಡರೆ, ಆಸ್ಪತ್ರೆಗೆ ಹತ್ತೇ ನಿಮಿಷದ ಅಡಚಣೆ.

"ಬದಲಿ ಬಂತಾ?" ಎಂದು, ಕೆಲಸಕ್ಕೆ ಗೊತ್ತುಮಾಡಿದ ಭಾನುವಾರಕ್ಕೆ ಒಂದು ವಾರ ಮುಂಚೆ ನಾದಿನಿಯನ್ನು ಕೇಳಿದಳು.

"ಬಂದಿದೆ ಅತ್ತಿಗೆ, ಉಗ್ರಾಣದಲ್ಲಿ ಭದ್ರವಾಗಿದೆ," ಎಂದು ನಕ್ಕಳು ನಾದಿನಿ.

ಭಾನುವಾರ ಬೆಳಿಗ್ಗೆ ಉಗ್ರಾಣದಲ್ಲಿದ್ದುದು ಡಿಸ್ಕ್‌ಗಳ ಪೆಟ್ಟಿಗೆ ಮಾತ್ರ. ಉಗ್ರಾಣದವನು ಆರ್ಡರ್ ಹಾಳೆ ತೋರಿಸಿದ. ಬದಲಿ ಸರ್ವರ್ ಎಂಬ ಸಾಲಿಗೆ ಅಡ್ಡಗೀಟು, ಪಕ್ಕದಲ್ಲಿ ನಾದಿನಿಯ ಸಹಿ. ಅತ್ತಿಗೆ ಅದನ್ನು ಎರಡು ಸಲ ಓದಿದಳು.

ಹಳೆಯ ಡಿಸ್ಕ್ ಒಂದು ಆಗಲೇ ಕೈಕೊಟ್ಟಿತ್ತು, ಮುಂದೂಡುವಂತಿರಲಿಲ್ಲ. ದಾಖಲೆಗಳ ಪ್ರತಿ ತೆಗೆದಿಟ್ಟು, ಸರ್ವರ್ ನಿಲ್ಲಿಸಿ, ಕೆಲಸಕ್ಕೆ ಕೂತಳು. ಐದೂವರೆ ಗಂಟೆ ಹಿಡಿಯಿತು. ಅಷ್ಟೂ ಹೊತ್ತು ನರ್ಸ್‌ಗಳು ಕೈಯಲ್ಲೇ ಬರೆದರು, ರಕ್ತಪರೀಕ್ಷೆಯ ವರದಿ ಹಿಡಿದು ಮಹಡಿ ಹತ್ತಿ ಇಳಿದರು, ದಾರಿಯಲ್ಲಿ ಅವಳಿಗೆ ಹಿಡಿಶಾಪ ಹಾಕಿದರು. ಒಂದು ದಾಖಲೆಯೂ ಕಳೆಯಲಿಲ್ಲ. ಅದನ್ನು ಯಾರೂ ಕೇಳಲಿಲ್ಲ.

ಸೋಮವಾರದ ಸಭೆಯಲ್ಲಿ ನಿರ್ದೇಶಕರು ಕಾರಣ ಕೇಳಿದರು. ಅತ್ತಿಗೆ ಬಾಯಿ ತೆರೆಯುವ ಮೊದಲೇ ನಾದಿನಿ ಹೇಳಿಬಿಟ್ಟಳು: "ಬದಲಿ ಬೇಡ ಅಂತ ಅವರೇ ಹೇಳಿದ್ರು ಸರ್."

ಅತ್ತಿಗೆ ಅವಳ ಮುಖ ನೋಡಿದಳು. ನಾದಿನಿ ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದಳು.

ಸಂಜೆ ಅಡುಗೆಮನೆಯಲ್ಲಿ ಅತ್ತಿಗೆ ಹಾಳೆಯ ನಕಲನ್ನು ಅವಳ ಮುಂದಿಟ್ಟಳು.

"ಆರ್ಡರ್ ದೊಡ್ಡದಾಯ್ತು ಅಂತ ಮೇಲಿನವರು ಗೊಣಗ್ತಿದ್ರು. ನನ್ನ ಬಡ್ತಿ ಬೇರೆ ಅವರ ಕೈಲಿತ್ತು. ನೀವು ಹೇಗೋ ನಿಭಾಯಿಸ್ತೀರ ಅಂದ್ಕೊಂಡೆ."

"ಬಂದಿದೆ ಅಂದ್ಯಲ್ಲ."

"ಹೇಳೋಕೆ ಧೈರ್ಯ ಬರಲಿಲ್ಲ. ಮನೆಯವರಲ್ವಾ ಅತ್ತಿಗೆ, ಹೊಟ್ಟೆಗೆ ಹಾಕ್ಕೊಳ್ಳಿ."

"ಮನೆಯವಳು ಅಂತಾನೇ ನಾನು ಉಗ್ರಾಣಕ್ಕೆ ಹೋಗಿ ನೋಡಲಿಲ್ಲ. ಬೇರೆ ಯಾರಾದ್ರೂ ಹೇಳಿದ್ರೆ ಅದೇ ದಿನ ಪೆಟ್ಟಿಗೆ ಬಿಚ್ಚಿಸ್ತಿದ್ದೆ."

ಕೋಣೆಯಿಂದ ಅತ್ತಿಗೆಯ ಗಂಡ ಕೂಗಿ ಹೇಳಿದ: "ತಂಗಿ ತಾನೇ, ಬಿಟ್ಟುಬಿಡು."

ಅತ್ತಿಗೆ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಮರುದಿನ ಹಾಳೆಯ ಜೊತೆ ನಡೆದದ್ದನ್ನೆಲ್ಲ ಬರೆದು ನಿರ್ದೇಶಕರಿಗೆ ಕೊಟ್ಟಳು. ಅವರು ಓದಿ, ಅತ್ತಿಗೆಯ ಮೇಲಿನ ಆರೋಪ ಕೈಬಿಟ್ಟರು. ನಾದಿನಿಯ ಬಡ್ತಿ ನಿಂತಿತು. ಅತ್ತೆ ಒಂದು ತಿಂಗಳು ಸೊಸೆಯೊಡನೆ ಮಾತು ಬಿಟ್ಟರು.

ಅದನ್ನವಳು ಸಹಿಸಿದಳು. "ಬಂದಿದೆ ಅತ್ತಿಗೆ" ಎಂದಾಗಿನ ಆ ನಗುಮುಖ ಮಾತ್ರ ಬಹಳ ದಿನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.