ಚೈನು ಹರಿದ ರೇಸು

ರಬಕವಿಯ ಸೀರೆ ವ್ಯಾಪಾರಿ ಶಿವಯೋಗೆಪ್ಪ ನಾಲ್ವರು ನೇಕಾರರಿಗೆ ತಿಂಗಳ ಪಗಾರ ಕೊಟ್ಟು ಕಟ್ಟಿದ ಸೈಕಲ್ ತಂಡ ಬಾಳಿದ್ದು ಒಂದೇ ರೇಸಿನ ತನಕ.

ಬೀಳಗಿಯಿಂದ ಜಮಖಂಡಿಗೆ ಹೊರಟ ಆ ರೇಸಿನಲ್ಲಿ ನಾಲ್ವರಲ್ಲೊಬ್ಬನಾದ ತುಕಾರಾಮ ಎಲ್ಲರಿಗಿಂತ ಮುಂದಿದ್ದ. ಬೆನ್ನ ಹಿಂದೆ ಜೊತೆಗಾರ ದಶರಥನ ಚೈನು ಪಟ್ಟನೆ ಹರಿದದ್ದು ಕೇಳಿದ್ದೇ ತಡ, ತುಕಾರಾಮನ ಕಾಲು ತಾನಾಗಿ ನಿಂತಿತು. ಮಗ್ಗದಲ್ಲಿ ಎಳೆ ಹರಿದರೆ ನಿಲ್ಲುವ ಕಾಲು ಅದು. ಉಳಿದಿಬ್ಬರೂ ನಿಂತರು. ನಾಲ್ವರೂ ಕೂಡಿ ಚೈನು ಜೋಡಿಸುವಷ್ಟರಲ್ಲಿ ರೇಸು ಮುಗಿದಿತ್ತು.

“ಮುಂದ ಹೋಗಾಕ ಪಗಾರ ಕೊಟ್ಟಿದ್ದೆ, ನಿಲ್ಲಾಕಲ್ಲ,” ಎಂದ ಶಿವಯೋಗೆಪ್ಪ ಸೈಕಲ್ಲುಗಳನ್ನು ಮಾರಿಬಿಟ್ಟ.

ಮಗ್ಗಕ್ಕೆ ಮರಳಿದ ತುಕಾರಾಮನನ್ನು ಆ ಮಾತು ಕೊರೆಯುತ್ತಿತ್ತು; ಕುಂತಲ್ಲಿ ಕೂಡಲಾಗಲಿಲ್ಲ. ನಾಲ್ಕನೆಯ ದಿನ ಎಳೆ ಹರಿಯಿತು.

“ಎಳಿ ಹರದೈತಿ, ನಿಲ್ಲಸ್ರಿ,” ಎಂದಳು ಹೆಂಡತಿ ಯಂಕವ್ವ.

ನೇಯುತ್ತಿದ್ದ ಸೀರೆಯಲ್ಲಿ ಹರಿದ ಎಳೆಯ ಗೆರೆ ಸೆರಗಿನವರೆಗೂ ಬೀಳುತ್ತ ಹೋಯಿತು. ಅವನು ನಿಲ್ಲಲಿಲ್ಲ.